ಬೇರು ಕಿತ್ತ ಕೈ ಯಾರದು?

ಕಂಪ್ಯೂಟರಿಗೆ ಬುದ್ಧಿ ತುಂಬಬೇಕಾದರೆ ಬಲ್ಲವರನ್ನು ಕೇಳಬೇಕು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಸಿನ್ ಎಂಬ ಯಂತ್ರವೈದ್ಯನನ್ನು ಕಟ್ಟಿದವರು ಡಾಕ್ಟರುಗಳನ್ನು ಕೇಳಿದರು. ಲಕ್ಷಣ ಹೀಗಿದ್ದರೆ ಸೋಂಕು ಇಂಥದ್ದು, ಮದ್ದು ಇಂಥದ್ದು ಎಂದು ನೂರಾರು ಸೂತ್ರ ಬರೆದುಕೊಂಡರು. ಬಲ್ಲವರು ಯಾರು ಎಂಬ ಜಗಳ ಅಲ್ಲಿ ಹುಟ್ಟಲಿಲ್ಲ. ನಮ್ಮಲ್ಲಿ ಅದೇ ಮೊದಲ ಜಗಳ.

ಮುಂಡರಗಿ, ಶಿರಹಟ್ಟಿ ಸೀಮೆಯ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಿಡಕ್ಕೆ ಕಾವಲು ಬಂತು. ಗಿಡ ಬಲ್ಲವರಿಗೆ ಏನು ಬಂತು? ಯಾವ ಬೇರು ಯಾವ ಮಳಿ ಆದ ಮ್ಯಾಲೆ ಕೀಳಬೇಕು, ಎಷ್ಟು ಅರೆದರೆ ಮದ್ದು, ಎಷ್ಟಾದರೆ ವಿಷ, ಇದನ್ನು ಕುರಿ ಕಾಯುವವ ಬಲ್ಲ, ಕೇರಿಯ ಸೂಲಗಿತ್ತಿ ಬಲ್ಲಳು. ಕೂಸು ಹೊರತೆಗೆಯುವಾಗ ಅವಳ ಕೈ ಬೇಕು. ನೀರು ಸೇದುವಾಗ ಅದೇ ಕೈ ಮೈಲಿಗೆ. ವಿದ್ಯೆ ಬೇಕು, ವಿದ್ಯೆಯುಳ್ಳವಳು ಬೇಡ!

ಈ ಹಳೇ ನ್ಯಾಯ ಯಂತ್ರದೊಳಗೂ ಹೊಕ್ಕಿದೆ. 1995ರಲ್ಲಿ ಅರಿಸಿನ ಗಾಯ ಮಾಯಿಸುತ್ತದೆಂಬುದಕ್ಕೆ ಅಮೆರಿಕ ಪೇಟೆಂಟ್ ಕೊಟ್ಟಿತು. ನಮ್ಮ ಅವ್ವಂದಿರು ಮಕ್ಕಳ ಮೊಣಕಾಲಿಗೆ ಹಚ್ಚಿದ್ದು ಅಲ್ಲಿನ ಅಂದಿನ ಕಾನೂನಿಗೆ ಸಾಕ್ಷಿಯಾಗಿರಲಿಲ್ಲ. ಅಚ್ಚಾದ ಕಾಗದ ಬೇಕಿತ್ತು. ಕಾಗದ ತೋರಿಸಿ 1997ರಲ್ಲಿ ಅದನ್ನು ರದ್ದು ಮಾಡಿಸಿದರು. 2001ರಲ್ಲಿ ಭಾರತ ಸರಕಾರ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುಮಾಡಿತು. ಒಳ್ಳೇದೇ. ಆದರೆ ಕಂಪ್ಯೂಟರಿಗೆ ಇಳಿದದ್ದು ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳು. ಅಕ್ಷರದಿಂದ ಹೊರಗಿಟ್ಟವರ ವಿದ್ಯೆ ಗ್ರಂಥದಲ್ಲಿ ಇರುವುದಾದರೂ ಹೇಗೆ? ಅಂದು ಬರೆಯಗೊಡಲಿಲ್ಲ; ಇಂದು ಬರೆದಿಲ್ಲವಲ್ಲ ಅಂತಾರೆ.

2002ರ ಜೀವವೈವಿಧ್ಯ ಕಾಯ್ದೆ ಲಾಭದಲ್ಲಿ ಬಲ್ಲವರಿಗೂ ಪಾಲು ಅಂದಿತು. 2023ರ ತಿದ್ದುಪಡಿ ಗ್ರಂಥಸ್ಥ ಜ್ಞಾನಕ್ಕೆ ವಿನಾಯಿತಿ ಕೊಟ್ಟಿತು. ಗ್ರಂಥ ಬರೆದವನೇ ಗುಡ್ಡ ಹತ್ತಿ ಬೇರು ಅಗೆದಿದ್ದನೇನು? ಅಗೆದ ಕೈಯ ಸಾಲ ತೀರಿಸದೆಯೇ ತೀರಿಹೋಯಿತು.

ಹಾಗಂತ ಬರೆದಿಡಬೇಡಿ ಅನ್ನುವವರಲ್ಲ ನಾವು. ಮುದುಕಿಯ ಜೊತೆ ಮದ್ದೂ ಮಣ್ಣಾಗಬಾರದು. ಜಾತಿ ಹೇರಿದ ಕಸುಬನ್ನು ಪರಂಪರೆಯೆಂದು ಮಕ್ಕಳ ತಲೆಗೆ ಕಟ್ಟುವುದೂ ಬೇಡ. ವಿದ್ಯೆ ಹುಟ್ಟಿನ ಹಗ್ಗ ಹರಿದುಕೊಂಡು ಎಲ್ಲರದಾಗಲಿ. ಆದರೆ ಕೇಳಿ ಬರೆಯಿರಿ, ಅವಳ ಮಾತಿನಲ್ಲೇ ಬರೆಯಿರಿ, ಅವಳು ಒಪ್ಪಿದರೆ ಹೆಸರು ಹಾಕಿ, ಲಾಭ ಬಂದರೆ ಪಾಲು ಕೊಡಿ.

ಯಂತ್ರಕ್ಕೆ ಜಾತಿಯಿಲ್ಲ, ಖರೆ. ತುಂಬುವ ಕೈಗೆ ಇದೆ. ಲೆಕ್ಕ ಕೇಳಬೇಕಾದದ್ದು ಆ ಕೈಯನ್ನು.