ಕೆಸರಾಗದ ಕೈ

ಹಳೆಯ ಕಾಗದಪತ್ರಗಳನ್ನು ವಿಂಗಡಿಸುವುದು ವಯಸ್ಸಾದವರಿಗೆ ಹೇಳಿ ಮಾಡಿಸಿದ ಕೆಲಸವೆಂದು ನಮ್ಮ ಮನೆಯವರ ಅಭಿಪ್ರಾಯ. ಮೊನ್ನೆ ಆ ಕೆಲಸದಲ್ಲಿ ತೊಡಗಿದ್ದಾಗ ಒಂದು ಮನವಿಪತ್ರದ ಕಾರ್ಬನ್ ಪ್ರತಿ ಕೈಗೆ ಸಿಕ್ಕಿತು. 1990ರ ದಶಕದ ನಡುವಿನದು. ಬೆಂಗಳೂರಿನಲ್ಲಿ ಕಂಬಗಳ ಮೇಲೆ ಓಡುವ ಲಘು ರೈಲು ಬರುತ್ತದೆಂಬ ಸುದ್ದಿ ಹಬ್ಬಿದ್ದ ಕಾಲ. ಅದು ನಮ್ಮ ಬೀದಿಯ ಪಕ್ಕದಲ್ಲಿಯೇ ಹಾದುಹೋಗಬಹುದೆಂದು ಯಾರೋ ಹೇಳಿದರು. ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ವಿಚಾರಿಸುವಷ್ಟು ವ್ಯವಧಾನ ನಮಗಿರಲಿಲ್ಲ. ಸಂಜೆಯೊಳಗೆ ಮನವಿಪತ್ರ ಸಿದ್ಧವಾಯಿತು. ಮೂರನೆಯ ರುಜು ನನ್ನದು.

ರೈಲು ಬರಲಿಲ್ಲ. ನಮ್ಮ ಮನವಿಯಿಂದ ಅದು ನಿಂತಿತೆಂದು ಹೇಳುವಷ್ಟು ಅಹಂಕಾರ ನನಗಿಲ್ಲ. ಅದನ್ನು ಯಾರಾದರೂ ಓದಿದರೆಂಬ ನಂಬಿಕೆಯೂ ಇಲ್ಲ. ಆದರೂ ಆ ಪ್ರತಿಯನ್ನು ಹಿಡಿದು ಕುಳಿತಾಗ ಒಂದು ಪ್ರಶ್ನೆ ಎದುರಾಯಿತು. ಮಾಡಿದ ತಪ್ಪಿಗೆ ಮನುಷ್ಯ ಹೊಣೆಯೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆಗದೆ ಹೋದ ಕೆಲಸಕ್ಕೆ ಹೊಣೆ ಯಾರು?

ಈ ಊರಿನಲ್ಲಿ ಬಾರದೆ ಹೋದ ರೈಲುಗಳ ಕಥೆ ಇನ್ನೂ ಹಿಂದಿನದು. 1980ರ ದಶಕದ ಆರಂಭದಲ್ಲಿಯೇ ದಕ್ಷಿಣ ರೈಲ್ವೆಯ ತಂಡವೊಂದು ನಗರದ ಜನರ ಓಡಾಟವನ್ನು ಅಳೆದು ನೋಡಿ, ರಾಜಾಜಿನಗರದಿಂದ ಜಯನಗರಕ್ಕೊಂದು, ಹಡ್ಸನ್ ವೃತ್ತದಿಂದ ಕೃಷ್ಣರಾಜಪುರಕ್ಕೊಂದು, ಹೀಗೆ ಸುಮಾರು 24 ಕಿಲೋಮೀಟರುಗಳ ಎರಡು ಮೆಟ್ರೋ ಮಾರ್ಗಗಳನ್ನು ಸೂಚಿಸಿತ್ತು. ಜೊತೆಗೆ ಊರನ್ನು ಬಳಸುವ ರೈಲನ್ನೂ, ಉಪನಗರ ರೈಲುಗಳನ್ನೂ ಹೇಳಿತ್ತು. 1981ರ ಜನಗಣತಿಯಂತೆ ಆಗ ಬೆಂಗಳೂರಿನ ಜನ ಸುಮಾರು 29 ಲಕ್ಷ. ವರದಿ ಕಡತಕ್ಕೆ ಸೇರಿತು. 1994ರಲ್ಲಿ ಸರ್ಕಾರ ‘ಬೆಂಗಳೂರು ಮಾಸ್ ರ್‍ಯಾಪಿಡ್ ಟ್ರಾನ್ಸಿಟ್ ಲಿಮಿಟೆಡ್’ ಎಂಬ ಕಂಪನಿಯನ್ನು ಸ್ಥಾಪಿಸಿತು. ಖಾಸಗಿಯವರು ಕಟ್ಟಿ ನಡೆಸುವ ಲಘು ರೈಲಿನ ಮಾತು ಬಂದದ್ದು ಆಗ. ವರ್ಷಗಳು ಕಳೆದುವು, ಕಂಬ ಏಳಲಿಲ್ಲ. 2003ರಲ್ಲಿ ದೆಹಲಿ ಮೆಟ್ರೋದವರು ಬೇರೆಯದೇ ಯೋಜನೆಯನ್ನು ಬರೆದುಕೊಟ್ಟರು. 2006ರಲ್ಲಿ ಅದಕ್ಕೆ ಶಂಕುಸ್ಥಾಪನೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ. ಜಿ. ರಸ್ತೆಯವರೆಗೆ, 6.7 ಕಿಲೋಮೀಟರು, ಮೊದಲ ಗಾಡಿ ಓಡಿತು. ಆ ವೇಳೆಗೆ ಊರಿನ ಜನ ಸುಮಾರು 85 ಲಕ್ಷ. 29 ಲಕ್ಷದ ಊರಿಗೆ ಹೊಲಿಯಬೇಕಾಗಿದ್ದ ಅಂಗಿಯ ಒಂದು ತೋಳು 85 ಲಕ್ಷದ ಊರಿಗೆ ದೊರೆಯಿತು.

ಕಟ್ಟಿದ ಕೆಲಸ ಬೈಗುಳಕ್ಕೆ ಗುರಿಯಾಗುತ್ತದೆ. ಮೆಟ್ರೋ ಬಂದಾಗ ಎಂ. ಜಿ. ರಸ್ತೆಯ ಮರಗಳ ನೆರಳಿನ ಕಾಲುದಾರಿ ಹೋಯಿತೆಂದು ನಾವು ಮರುಗಿದೆವು, ಮರುಗಿದ್ದು ಸರಿಯೇ. ಸಿ. ಎಂ. ಎಚ್. ರಸ್ತೆಯ ಅಂಗಡಿಯವರು ಪ್ರತಿಭಟಿಸಿದರು. ಅವರ ನಷ್ಟವೂ ನಿಜವೇ. ಕಲ್ಕತ್ತೆಯಲ್ಲಿ 1972ರಲ್ಲಿ ಶಂಕುಸ್ಥಾಪನೆಯಾಗಿ 1984ರಲ್ಲಿ ದೇಶದ ಮೊದಲ ಮೆಟ್ರೋ ಗಾಡಿ ಓಡುವವರೆಗೆ, ಹನ್ನೆರಡು ವರ್ಷ ಅಲ್ಲಿಯ ಜನ ಅಗೆದ ರಸ್ತೆಗಳ ಪಕ್ಕದಲ್ಲಿ ಬಾಳಿದರು. ಬೈಯುವುದಕ್ಕೆ ಅವರಿಗೆ ಒಂದು ಗುಂಡಿಯಾದರೂ ಇತ್ತು.

ಕಟ್ಟದೆ ಬಿಟ್ಟದ್ದಕ್ಕೆ ಗುಂಡಿಯಿಲ್ಲ, ಧೂಳಿಲ್ಲ, ಉರುಳಿದ ಮರವಿಲ್ಲ. ಅದರಿಂದ ನೊಂದವರಿಗೂ ತಾವು ನೊಂದವರೆಂದು ತಿಳಿಯದು. ಬಸ್ಸಿನಲ್ಲಿ ಒಂದೂವರೆ ಗಂಟೆ ಕಂಬಿ ಹಿಡಿದು ನಿಂತವನು ಚಾಲಕನನ್ನು ಬೈಯುತ್ತಾನೆ, ಸಿಗ್ನಲ್ಲನ್ನು ಬೈಯುತ್ತಾನೆ, ತನ್ನ ಹಣೆಬರಹವನ್ನು ಬೈಯುತ್ತಾನೆ. ಹತ್ತು ವರ್ಷದ ಹಿಂದೆಯೇ ಬರಬೇಕಾಗಿದ್ದ ರೈಲನ್ನು ಅವನು ಬೈಯುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯುಂಟು. ಕೆಸರಾಗದ ಕೈಯನ್ನು ನಾವು ಶುದ್ಧವಾದ ಕೈಯೆಂದೇ ತಿಳಿದುಬಿಡುತ್ತೇವೆ.

ವಕೀಲಿ ವೃತ್ತಿಯಿಂದ ನಿವೃತ್ತರಾದ ಮಿತ್ರರೊಬ್ಬರ ಮುಂದೆ ಇದನ್ನು ಹೇಳಿದೆ. ಅವರು ನಕ್ಕರು. “ನೀವೇನು ಯಾರನ್ನಾದರೂ ಬಾವಿಗೆ ತಳ್ಳಿದಿರಾ? ಸುಮ್ಮನಿದ್ದದ್ದಕ್ಕೆಲ್ಲ ಶಿಕ್ಷೆ ಕೊಡುವುದಾದರೆ ಊರನ್ನೇ ಜೈಲು ಮಾಡಬೇಕಾಗುತ್ತದೆ” ಎಂದರು. ನಾನು ಕೇಳಿದೆ: “ರೈಲ್ವೆ ಗೇಟು ಕಾಯುವವನು ಗೇಟು ಹಾಕದೆ ಸುಮ್ಮನೆ ಕುಳಿತರೆ?” ಅವರು ಸ್ವಲ್ಪ ಯೋಚಿಸಿ, “ಅದು ಬೇರೆ, ಅದು ಅವನ ಕರ್ತವ್ಯ” ಎಂದರು. ಹಾಗಾದರೆ ಸುಮ್ಮನಿರುವುದೂ ಅಪರಾಧವಾಗಬಹುದು. ಕರ್ತವ್ಯವಿದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ದ್ಯೂತಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕಿದವನು ಒಬ್ಬ. ಆದರೆ ಭೀಷ್ಮ ದ್ರೋಣರು ಸುಮ್ಮನೆ ಕುಳಿತದ್ದನ್ನು ನಮ್ಮ ಜನ ಇಂದಿಗೂ ಮರೆತಿಲ್ಲ.

ಮಿತ್ರರು ಸೋಲುವವರಲ್ಲ. “ಆ ಲಘು ರೈಲು ಬಂದಿದ್ದರೆ ಹತ್ತು ವರ್ಷದಲ್ಲಿ ಸಾಲದಾಗುತ್ತಿತ್ತು. ಅದರ ಕಂಬಗಳು ಈಗಿನ ಮೆಟ್ರೋಗೆ ಅಡ್ಡಿಯಾಗುತ್ತಿದ್ದುವೋ ಏನೋ! ಬಾರದಿದ್ದದ್ದೇ ಒಳ್ಳೆಯದಾಯಿತೆಂದು ಏಕೆ ಹೇಳಬಾರದು?” ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹುಟ್ಟದ ಮಗುವಿನ ಜಾತಕ ಬರೆಯುವುದು ಯಾರಿಂದಲೂ ಆಗದು. ಬಾರದ ರೈಲು ಯಾವಾಗಲೂ ಹೊತ್ತಿಗೆ ಸರಿಯಾಗಿಯೇ ಓಡುತ್ತದೆ, ಎಂದೂ ಕೆಡುವುದಿಲ್ಲ, ಅದರಲ್ಲಿ ಎಲ್ಲರಿಗೂ ಜಾಗ ಸಿಗುತ್ತದೆ. ಅದನ್ನು ತೋರಿಸಿ ಇದ್ದುದನ್ನು ಹಳಿಯುವುದು ನ್ಯಾಯವಲ್ಲ.

ಆದರೆ ನನ್ನನ್ನು ಕಾಡಿದ್ದು ಫಲದ ವಿಚಾರವಲ್ಲ. ಆ ಪ್ರತಿಯನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ಒಂಬತ್ತು ಆಕ್ಷೇಪಣೆಗಳಿದ್ದುವು. ಗೋಡೆ ಅದುರುತ್ತದೆ, ಗಾಳಿ ಬೆಳಕಿಗೆ ತಡೆಯಾಗುತ್ತದೆ, ಮಹಡಿಯ ಕಿಟಕಿಯೊಳಗೆ ಗಾಡಿಯವರು ಇಣುಕುತ್ತಾರೆ, ನಿವೇಶನದ ಬೆಲೆ ಇಳಿಯುತ್ತದೆ. ಒಂದೊಂದೂ ಸುಳ್ಳೆಂದು ಹೇಳಲಾರೆ. ಮನೆ ಕಳೆದುಕೊಳ್ಳುವವನು, ಅಂಗಡಿ ಕಳೆದುಕೊಳ್ಳುವವನು ಬೇಡವೆನ್ನುವುದು ಅವನ ಹಕ್ಕು. ಅದನ್ನು ಕೇಳದೆ ಕಟ್ಟುವ ಸರ್ಕಾರ ಒಳ್ಳೆಯ ಸರ್ಕಾರವೂ ಅಲ್ಲ. ಆದರೆ ನಮ್ಮ ಒಂಬತ್ತು ಆಕ್ಷೇಪಣೆಗಳಲ್ಲಿಯೂ ನಾವೇ ಇದ್ದೆವು. ರೈಲು ಹತ್ತುವವರು ಒಂದರಲ್ಲಿಯೂ ಇರಲಿಲ್ಲ.

ಆ ದಿನಗಳಲ್ಲಿ ನಮ್ಮ ಮನೆಗೆ ಪಾತ್ರೆ ತೊಳೆಯಲು ಒಬ್ಬಾಕೆ ಬರುತ್ತಿದ್ದಳು. ಊರ ಹೊರಗಿನಿಂದ ಎರಡು ಬಸ್ಸು ಬದಲಾಯಿಸಿ ಬರಬೇಕು. ತಡವಾದರೆ ನಾನೇ ಗದರಿಸುತ್ತಿದ್ದೆ. “ಬಸ್ಸು ಸಿಕ್ಕಲಿಲ್ಲ ಸಾರ್” ಎಂದು ಹೇಳಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅವಳನ್ನು ಗದರಿಸಿದ ಬಾಯಿಯೂ ಮನವಿಪತ್ರಕ್ಕೆ ರುಜು ಹಾಕಿದ ಕೈಯೂ ಒಬ್ಬನವೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ಮನವಿಪತ್ರ ನಮ್ಮ ಮನೆಯ ಜಗುಲಿಯ ಮೇಲೆಯೇ ಸಿದ್ಧವಾಯಿತು; ಎಲ್ಲರೂ ಕುಡಿದ ಕಾಫಿಯ ಲೋಟಗಳನ್ನು ಅವಳೇ ತೊಳೆದಿರಬೇಕು. ಅವಳನ್ನು ಯಾರೂ ಕೇಳಲಿಲ್ಲ. ಅವಳು ನಮ್ಮ ಬೀದಿಯವಳಲ್ಲವಲ್ಲ!

ಅವಳನ್ನು ಕೇಳಿದ್ದರೆ ಏನಾಗುತ್ತಿತ್ತು? ರೈಲೇನೂ ಬರುತ್ತಿರಲಿಲ್ಲ. ನಾವೂ ಬಹುಶಃ ರುಜು ಹಾಕಿಯೇ ಬಿಡುತ್ತಿದ್ದೆವು. ಆದರೆ ಯಾರ ದಾರಿಗೆ ಅಡ್ಡ ನಿಂತಿದ್ದೇವೆಂದು ತಿಳಿದು ನಿಲ್ಲುವುದಕ್ಕೂ ತಿಳಿಯದೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ತಿಳಿದವನು ಒಂದಲ್ಲ ಒಂದು ದಿನ ಪಕ್ಕಕ್ಕೆ ಸರಿಯಬಹುದು. ತಿಳಿಯದವನಿಗೆ ಸರಿಯಬೇಕೆಂದು ತೋರುವುದೇ ಇಲ್ಲ. ದಕ್ಷಿಣ ರೈಲ್ವೆಯ ಆ ಹಳೆಯ ವರದಿ ಹೇಳಿದ್ದ ಉಪನಗರ ರೈಲಿಗೆ ಶಂಕುಸ್ಥಾಪನೆಯಾದದ್ದು 2022ರಲ್ಲಿ. ಈ ನಾಲ್ಕು ದಶಕಗಳಲ್ಲಿ ಅದನ್ನು ಬೇಡವೆಂದವರು ಹೆಚ್ಚಾಗಿ ಇರಲಾರರು. ‘ಮುಂದೆ ನೋಡೋಣ’ ಎಂದವರು ಬಹಳ ಮಂದಿ ಇದ್ದಿರಬೇಕು.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗ ಒಂದು ಕಾಗದ ಹಿಡಿದು ಬಂದ. ನಮ್ಮ ಬೀದಿಯ ಮೂಲೆಗೆ ಬಸ್ ನಿಲ್ದಾಣ ಬರುತ್ತದಂತೆ. ಗದ್ದಲವಾಗುತ್ತದೆ, ಬೇಡವೆಂದು ಬರೆದಿದ್ದರು. “ತಾವು ಹಿರಿಯರು, ಮೊದಲ ರುಜು ತಮ್ಮದೇ ಆಗಲಿ” ಎಂದ. “ಆಗಲಪ್ಪ, ಹಾಕುತ್ತೇನೆ. ಆದರೆ ಆ ನಿಲ್ದಾಣದಲ್ಲಿ ಹತ್ತಿ ಇಳಿಯುವವರು ಯಾರು ಎಂದು ಮೇಲೆ ಒಂದು ಸಾಲು ಬರೆದುಕೊಂಡು ಬಾ” ಎಂದೆ. ಕಾಗದವನ್ನು ಮಡಿಸಿಕೊಂಡು ಹೋದ. ಇನ್ನೂ ಬಂದಿಲ್ಲ.