ತಪ್ಪು ತೋರಿಸಿದವರು
ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳಿಗೆ ‘ನೂವೋ’ ಎಂಬ ಮುಕ್ತ ಡ್ರೈವರ್ ತಂತ್ರಾಂಶವಿದೆ. ಒಳವಿವರ ಸಿಗದಿದ್ದಾಗ ಕಾರ್ಡಿನ ವರ್ತನೆಯನ್ನೇ ಗಮನಿಸಿ ಉತ್ಸಾಹಿಗಳು ಅದನ್ನು ಕಟ್ಟಿದರು. 2010ರಲ್ಲಿ ಅದು ಲಿನಕ್ಸ್ ಕರ್ನೆಲ್ಲಿನೊಳಗೇ ಬಂತು. ಕೋಡ್ ಬರೆಯಲು ಬಾರದವರೂ ತಮ್ಮ ಕಾರ್ಡಿನ ದಾಖಲೆ ತೆಗೆದು ಕಳಿಸಿದರು, ಪರೀಕ್ಷಿಸಿ ದೋಷ ತಿಳಿಸಿದರು. ಇವರ ಪಾಲು ಸಣ್ಣದೇ?

ತರಗತಿಯಲ್ಲಿ ‘ಅರ್ಥವಾಗಲಿಲ್ಲ ಟೀಚರ್’ ಎನ್ನುವವರು ಬಹಳ. ಒಮ್ಮೆ ಒಬ್ಬ ಹುಡುಗಿ, ‘ಮೂರನೇ ಸಾಲಿನಲ್ಲಿ ಈ ಎರಡು ಎಲ್ಲಿಂದ ಬಂತು?’ ಎಂದಳು. ನೋಡಿದರೆ ತಪ್ಪು ನನ್ನದೇ. ಸಿಟ್ಟಿನಲ್ಲಿ ‘ಕೂತ್ಕೋ’ ಅಂದುಬಿಟ್ಟೆ. ಆ ವರ್ಷವೆಲ್ಲ ಅವಳು ಮತ್ತೇನೂ ಕೇಳಲಿಲ್ಲ.

ಕೆಟ್ಟಿದೆಯೆಂದು ಬೈಯುವುದು ಸುಲಭ. ಎಲ್ಲಿ, ಯಾವಾಗ, ಏನು ಮಾಡಿದಾಗ ಕೆಟ್ಟಿತೆಂದು ತಾಳ್ಮೆಯಿಂದ ಹೇಳುವವರೂ ಕಟ್ಟುವವರೇ. ಅವರ ಬಾಯಿ ಮುಚ್ಚಿಸಿದರೆ ತಪ್ಪು ಹಾಗೆಯೇ ಉಳಿಯುತ್ತದೆ, ಕರಿಹಲಗೆಯ ಮೇಲೆ.