ವ್ರತವೂ ಕಣ್ಣಿನ ಮದ್ದೂ

ಭಾದ್ರಪದದ ದಶಲಕ್ಷಣ ಪರ್ವ ಮಲೆನಾಡಿನಲ್ಲಿ ಮಳೆಯ ನಡುವೆಯೇ ಬರುತ್ತದೆ. ಕಳಸ, ಮೂಡಿಗೆರೆಗಳ ಕಾಫಿ ತೋಟಗಳ ನಡುವೆ ಚದುರಿಕೊಂಡಿರುವ ಶ್ರಾವಕರ ಮನೆಗಳಲ್ಲಿ ಆ ದಿನಗಳಲ್ಲಿ ಒಬ್ಬರು ಏಕಾಶನದಲ್ಲಿದ್ದರೆ ಇನ್ನೊಬ್ಬರು ಅನಂತ ಚತುರ್ದಶಿಯ ಉಪವಾಸಕ್ಕೆ ಸಂಕಲ್ಪ ಮಾಡಿರುತ್ತಾರೆ. ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನನಿಗೆ ನಲವತ್ತರ ಆಸುಪಾಸು. ಬೆಳಗಿನ ಹೊತ್ತು ಸೊಂಟವೂ ಬೆನ್ನೂ ಮರಗಟ್ಟಿದಂತಾಗಿ, ತೋಟದಲ್ಲಿ ಸ್ವಲ್ಪ ನಡೆದಾಡಿದ ಮೇಲೆ ಸಡಿಲಗೊಳ್ಳುವ ವಾತ ಆತನಿಗೆ ತಾರುಣ್ಯದಿಂದಲೂ ಇದೆ. ತ್ರಯೋದಶಿಯ ಸಂಜೆ ಒಂದು ಕಣ್ಣು ಕೆಂಪಾಗಿ, ದೀಪದ ಬೆಳಕೂ ಚುಚ್ಚತೊಡಗುತ್ತದೆ. ಹೀಗಾದರೆ ತಡಮಾಡದೆ ಬರಬೇಕು, ಗಂಟೆಗೊಮ್ಮೆ ಹನಿ ಹಾಕಬೇಕು, ರೋಗ ಬಲವಾಗಿದ್ದರೆ ರಾತ್ರಿಯೂ ಬಿಡಬಾರದು ಎಂದು ವೈದ್ಯರು ಹಿಂದೊಮ್ಮೆ ಹೇಳಿದ್ದುಂಟು. ಬೆಳಗಾದರೆ ಉಪವಾಸ, ರಾತ್ರಿಭೋಜನ ತ್ಯಾಗವಂತೂ ಮೊದಲಿನಿಂದಲೂ ಇದೆ. ಪಾರಣೆಯವರೆಗೆ ನೋವನ್ನು ಸಹಿಸಿಕೊಂಡರೆ ಅದೂ ತಪಸ್ಸೇ ಅಲ್ಲವೇ ಎಂದು ಆತ ಕೇಳುತ್ತಾನೆ.

ಪ್ರಶ್ನೆ ಪ್ರಾಮಾಣಿಕವಾದುದು, ಹಗುರವಾಗಿ ತಳ್ಳಿಹಾಕತಕ್ಕದ್ದಲ್ಲ. ಆದರೆ ಉತ್ತರಕ್ಕೆ ಮುನ್ನ ರೋಗದ ಸ್ವರೂಪವನ್ನು ತಿಳಿಯಬೇಕು. ಮಳೆಗಾಲದಲ್ಲಿ ಊರಿಗೆ ಊರೇ ಹರಡುವ ಕೆಂಗಣ್ಣು ಇದಲ್ಲ. ಕೆಂಗಣ್ಣಿನಲ್ಲಿ ಗೀಜು ಕಟ್ಟುತ್ತದೆ, ರೆಪ್ಪೆ ಅಂಟುತ್ತದೆ, ಬಹುಮಟ್ಟಿಗೆ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಇಲ್ಲಿ ಉರಿಯೂತ ಕಣ್ಣಿನ ಒಳಗೆ, ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲಿ. ವೈದ್ಯರು ಇದನ್ನು ಯುವಿಯೈಟಿಸ್ ಎನ್ನುತ್ತಾರೆ. ಬೆನ್ನೆಲುಬಿನ ಕೀಲುಗಳನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಸಂಧಿವಾತವುಳ್ಳವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಎಂದಾದರೊಮ್ಮೆ ಬರುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗುವುದು ಎರಡಕ್ಕೂ ಮೂಲ. ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಲಕ್ಷಣಕ್ಕೂ ಈ ವಾತಕ್ಕೂ ಇರುವ ನಂಟು 1973ರಲ್ಲಿ ಬೆಳಕಿಗೆ ಬಂದಿತು. ಶೀತದಲ್ಲಿ ಬಿಗಿತ ಹೆಚ್ಚಿದಂತೆ ತೋರಬಹುದು. ಆದರೆ ರೋಗವನ್ನು ತರುವುದು ಮಲೆನಾಡಿನ ಮಳೆಯಲ್ಲ. ಚಿಕಿತ್ಸೆ ತಡವಾದರೆ ಬಣ್ಣದ ಪೊರೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ, ಕಣ್ಣೊಳಗಿನ ಒತ್ತಡ ಏರಬಹುದು, ದೃಷ್ಟಿ ಶಾಶ್ವತವಾಗಿ ಕುಂದಬಹುದು. ಪಾಪೆಯನ್ನು ಅಗಲಿಸುವ ಹನಿ ಈ ಅಂಟುವಿಕೆಯನ್ನು ತಡೆಯುವುದಕ್ಕೆ. ಸ್ಟೀರಾಯ್ಡ್ ಹನಿ ಉರಿಯೂತವನ್ನು ಇಳಿಸುವುದಕ್ಕೆ. ಕಣ್ಣು ಬೆಳ್ಳಗಾಯಿತೆಂದು ಇದನ್ನು ಥಟ್ಟನೆ ನಿಲ್ಲಿಸಬಾರದು, ವಾರಗಟ್ಟಲೆ ಕ್ರಮವಾಗಿ ಇಳಿಸಬೇಕು. ವೈದ್ಯರು ಕಣ್ಣನ್ನು ಪರೀಕ್ಷಿಸದೆ ಅಂಗಡಿಯಿಂದ ತಂದು ಹಾಕುವುದೂ ಅಪಾಯವೇ. ಕೆಲವು ಸೋಂಕುಗಳಲ್ಲಿ ಅದೇ ಹನಿ ಕಣ್ಣನ್ನು ಕೆಡಿಸುತ್ತದೆ. ಹಿರಿಯರು ನಂಬಿದ್ದ ನಂದಿಬಟ್ಟಲ ಹೂವಿನ ರಸ ಇಲ್ಲಿ ಕೆಲಸಕ್ಕೆ ಬಾರದು.

ಇನ್ನು ವ್ರತದ ಮಾತು. ಉಪವಾಸದಲ್ಲಿ ತ್ಯಜಿಸುವುದು ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ಚತುರ್ವಿಧ ಆಹಾರವನ್ನು. ಕಣ್ಣಿಗೆ ಬಿಡುವ ಹನಿ ಇವುಗಳಲ್ಲಿ ಯಾವುದೂ ಅಲ್ಲ. ಅದರಿಂದ ಹಸಿವು ತಣಿಯದು, ನಾಲಿಗೆಗೆ ಸುಖವಿಲ್ಲ. ಆದರೂ ಸೂಕ್ಷ್ಮವಾಗಿ ವ್ರತ ಪಾಲಿಸುವವರು ಒಂದು ಸಂದೇಹವನ್ನು ಎತ್ತುವುದುಂಟು: ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಏಕೆ? ಕಣ್ಣಿನ ಒಳಮೂಲೆಯಿಂದ ಮೂಗಿಗೆ ಇಳಿಯುವ ಕಣ್ಣೀರಿನ ಸಣ್ಣ ನಾಳವೊಂದಿದೆ. ಮದ್ದು ಆ ದಾರಿಯಿಂದ ಗಂಟಲಿಗೆ ಬರುತ್ತದೆ. ಹನಿ ಹಾಕಿದೊಡನೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಆ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲನೆ ಒತ್ತಿ ಹಿಡಿದರೆ ಬಹುಪಾಲು ಕೆಳಗಿಳಿಯದು. ವೈದ್ಯರೂ ಇದನ್ನೇ ಹೇಳುತ್ತಾರೆ, ಮದ್ದು ಕಣ್ಣಿನಲ್ಲಿಯೇ ಉಳಿಯಲೆಂದು. ವ್ರತಿಯ ಸೂಕ್ಷ್ಮವೂ ವೈದ್ಯರ ಸೂಕ್ಷ್ಮವೂ ಅಪರೂಪಕ್ಕೆ ಇಲ್ಲಿ ಒಂದೇ ಬೆರಳಿನ ತುದಿಯಲ್ಲಿ ಕೂಡುತ್ತವೆ.

ಗುಳಿಗೆಗಳ ವಿಷಯ ಬೇರೆ. ಕೀಲುನೋವಿನ ಗುಳಿಗೆಗಳು ಬರಿಹೊಟ್ಟೆಯಲ್ಲಿ ಜಠರವನ್ನು ಹುಣ್ಣು ಮಾಡಬಲ್ಲವು. ಬಹುದಿನ ನುಂಗಿದ ಸ್ಟೀರಾಯ್ಡ್ ಗುಳಿಗೆಯನ್ನು ಒಂದು ದಿನ ಬಿಟ್ಟರೂ ಕೆಲವರಿಗೆ ಅಪಾಯವಿದೆ. ಅಂಥವರು ಚತುರ್ವಿಧಾಹಾರ ತ್ಯಾಗದ ಸಂಕಲ್ಪವನ್ನು ಮೊದಲೇ ಮಾಡಬಾರದು. ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ಬಾಹ್ಯ ತಪಸ್ಸುಗಳು ಆರು. ಅನಶನ ಅವುಗಳಲ್ಲಿ ಒಂದು ಮಾತ್ರ. ತುತ್ತು ಕಡಿಮೆ ಮಾಡುವ ಅವಮೌದರ್ಯ, ತುಪ್ಪವನ್ನೋ ಉಪ್ಪನ್ನೋ ಬಿಡುವ ರಸಪರಿತ್ಯಾಗ ರೋಗಿಗೂ ತೆರೆದ ಬಾಗಿಲುಗಳು. ಊರಿನ ಎಲ್ಲೆ ದಾಟೆನೆಂದು ದೇಶವ್ರತ ತೊಡುವವರೂ ವೈದ್ಯರ ಊರನ್ನು ಎಲ್ಲೆಯೊಳಗೆ ಸೇರಿಸಿಕೊಳ್ಳುವುದು ವಿವೇಕ. ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿಲೋಮೀಟರ್. ಮಂಗಳೂರಿನ ಕಡೆಗೆ ಇಳಿಯುವ ಚಾರ್ಮಾಡಿ ಘಟ್ಟವೋ, 2019ರಲ್ಲಿ ಕಂಡಂತೆ, ಮಳೆಗೆ ಕುಸಿದು ಮುಚ್ಚುವುದೂ ಉಂಟು.

ಆದರೆ ಯಜಮಾನನ ಪ್ರಶ್ನೆಯ ತಿರುಳು ಇನ್ನೂ ಉಳಿದಿದೆ. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗವೂ ಒಂದು. ಸಹಿಸುವುದೇ ಧರ್ಮವಾದರೆ ಮದ್ದು ದೇಹಮೋಹವಲ್ಲವೇ? ಸಮಂತಭದ್ರಾಚಾರ್ಯರ ಕಥೆ ಇದಕ್ಕೆ ಹತ್ತಿರವಾದುದು. ಅವರಿಗೆ ಭಸ್ಮಕ ರೋಗ ತಗುಲಿ, ಎಷ್ಟು ಉಂಡರೂ ಹಸಿವು ಅಡಗದಾದಾಗ ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರೆಂದೂ, ಗುರುಗಳು ಒಪ್ಪದೆ ರೋಗ ಕಳೆದುಕೊಳ್ಳಲು ಕಳುಹಿಸಿದರೆಂದೂ, ಮುನಿವೇಷವನ್ನೇ ಬಿಟ್ಟು ಗುಣವಾಗಿ ಮತ್ತೆ ದೀಕ್ಷೆ ಪಡೆದರೆಂದೂ ಪರಂಪರೆ ಹೇಳುತ್ತದೆ. ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಕಾರಣವಾಗುವ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಿಗೆ ಪ್ರತೀಕಾರವಿಲ್ಲದಿರಬೇಕೆಂಬ ಕಟ್ಟನ್ನು ಹಾಕಿದರು. ಪ್ರಾಣಬಿಡುವ ವ್ರತಕ್ಕೇ ಈ ಕಟ್ಟು ಇರುವಾಗ, ಒಂದು ದಿನದ ಉಪವಾಸಕ್ಕಾಗಿ ಪ್ರತೀಕಾರವುಳ್ಳ ರೋಗಕ್ಕೆ ಕಣ್ಣನ್ನು ಒಪ್ಪಿಸುವುದು ಯಾವ ನ್ಯಾಯ? ಪರೀಷಹಜಯವೆಂದರೆ ಬಂದ ನೋವಿನಲ್ಲಿ ಮನಸ್ಸು ಕದಡದಿರುವುದು. ಹನಿ ಹಾಕಿದ ಮೇಲೂ ನೋವು ಕೂಡಲೇ ಹೋಗದು. ಸಹಿಸುವುದಕ್ಕೆ ಅಷ್ಟು ಸಾಲದೇ?

ಮೇಲಾಗಿ ಜೈನನ ಕಣ್ಣು ಅವನೊಬ್ಬನ ಸೊತ್ತಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ, ನೀರು ಸೋಸುವುದು, ಅಕ್ಕಿಯಲ್ಲಿ ಹುಳು ಆರಿಸುವುದು, ಎಲ್ಲವೂ ಕಣ್ಣಿನ ಮೂಲಕ ನಡೆಯುವ ಅಹಿಂಸೆ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ಮುಪ್ಪಿನಲ್ಲಿ ದೃಷ್ಟಿ ಕ್ಷೀಣಿಸಿ ಸಮಿತಿಗಳ ಪಾಲನೆ ಅಸಾಧ್ಯವಾದಾಗಲೇ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡು 18 ಸೆಪ್ಟೆಂಬರ್ 1955ರಂದು ದೇಹವಿಟ್ಟರು. ಕಣ್ಣು ಹೋದರೆ ಮುನಿಚರ್ಯೆಯೇ ಹೋದಂತೆ ಎಂದು ಅವರು ಬಗೆದಿದ್ದರು. ಪೂಜ್ಯಪಾದರ ವಿಷಯವೂ ನೆನಪಿಗೆ ಬರುತ್ತದೆ. ಅವರು ಕಳೆದುಕೊಂಡ ದೃಷ್ಟಿಯನ್ನು ಶಾಂತ್ಯಷ್ಟಕದಿಂದ ಮರಳಿ ಪಡೆದರೆಂಬ ಐತಿಹ್ಯವನ್ನು ಭಕ್ತರು ಹೇಳುತ್ತಾರೆ. ಕಣ್ಣು, ಕಿವಿ, ಮೂಗುಗಳ ಚಿಕಿತ್ಸೆಯಾದ ಶಾಲಾಕ್ಯವನ್ನು ಪೂಜ್ಯಪಾದರು ಬರೆದರೆಂದು ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ಹೇಳುತ್ತದೆ. ಮೊದಲನೆಯದನ್ನು ಹೇಳುವವರು ಎರಡನೆಯದನ್ನು ಮರೆಯುವುದೇ ಹೆಚ್ಚು.

ಇಷ್ಟಾದರೂ ಬಿಡಿಸಲಾಗದ ಒಂದು ಗಂಟಿದೆ. ಉಗ್ರಾದಿತ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟೇ ವೈದ್ಯವನ್ನು ಕಟ್ಟಿದರು. ಇಂದಿನ ಕ್ಯಾಪ್ಸೂಲಿನ ಕವಚ ಬಹುವೇಳೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್. ಉರಿಯೂತ ಮತ್ತೆ ಮತ್ತೆ ಮರುಕಳಿಸುವವರಿಗೆ ಕೊಡುವ ಅಡಾಲಿಮುಮ್ಯಾಬ್ ಚುಚ್ಚುಮದ್ದನ್ನು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ ಹಿಂದೆಂದೋ ತೆಗೆದು ಪ್ರಯೋಗಶಾಲೆಯಲ್ಲಿ ಬೆಳೆಸುತ್ತ ಬಂದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಕವಚದ ಬದಲು ಗುಳಿಗೆ ಕೇಳಬಹುದು. ಚುಚ್ಚುಮದ್ದಿಗೆ ಬದಲು ಎಲ್ಲರಿಗೂ ಸಿಗದು. ಬೇರೆ ದಾರಿಗಳನ್ನು ವೈದ್ಯರೊಡನೆ ನೋಡಿ, ಆಗುವ ಹಾನಿಯನ್ನು ತಿಳಿದು, ತನಗೆ ಬೇಡವೆನ್ನುವ ಪ್ರೌಢನ ಮಾತನ್ನು ಗೌರವಿಸಬಹುದು. ಅದೇ ನಿರ್ಣಯವನ್ನು ಮಗುವಿನ ಮೇಲೆ ಹೊರಿಸಲಾಗದು. ಸಂಧಿವಾತವುಳ್ಳ ಮಕ್ಕಳಲ್ಲಿ ಕಣ್ಣಿನ ಉರಿಯೂತ ಕೆಂಪಿಲ್ಲದೆ, ನೋವಿಲ್ಲದೆ ಒಳಗೊಳಗೇ ನಡೆಯುತ್ತದೆ. ಕಾಲಕಾಲಕ್ಕೆ ಪರೀಕ್ಷೆ ಮಾಡಿಸದಿದ್ದರೆ ತಿಳಿಯುವುದೇ ಇಲ್ಲ.

ಕಲ್ಪಿಸಿಕೊಂಡ ಮನೆಗೆ ಮರಳುವುದಾದರೆ, ಚತುರ್ದಶಿಯ ಬೆಳಿಗ್ಗೆ ಯಜಮಾನ ಉಪವಾಸದಲ್ಲಿದ್ದುಕೊಂಡೇ ಮಳೆಯಲ್ಲಿ ಚಿಕ್ಕಮಗಳೂರಿಗೆ ಹೋಗಿ, ಕಣ್ಣು ತೋರಿಸಿ ಹನಿ ತರಬಹುದು. ರಾತ್ರಿ ಗಂಟೆಗೊಮ್ಮೆ ಎಬ್ಬಿಸಿ, ರೆಪ್ಪೆ ಬಿಡಿಸಿ ಹನಿ ಬಿಡುವವಳು ಅವನ ಹೆಂಡತಿಯೋ ಮಗಳೋ. ಅವಳು ಆ ದಿನ ಊಟ ಮಾಡಿರಬಹುದು, ಮಾಡದೆಯೂ ಇರಬಹುದು. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯ, ಎಂದರೆ ರೋಗಿಯ ಶುಶ್ರೂಷೆ, ಮೂರನೆಯದು.